ಕೊಸಾಫ್ ಹಿಡಿದು ನಿಲ್ಲಿಸಿದ ಸ್ವರ

‘ಫೈರ್ ಅಂಡ್ ವಾಟರ್’ ಅಂದರೆ ಸಾಕು, ಹಾಡು ಕಿವಿಗೆ ಬರುವ ಮೊದಲೇ ಹಳೆಯ ರಟ್ಟಿನ ಹೊದಿಕೆಯ ಮುಗ್ಗಲು ವಾಸನೆ ಮೂಗಿಗೆ ಬರುತ್ತದೆ, ಅದರ ಹಿಂದೆಯೇ ಬಿಸಿಯಾದ ಆಂಪ್ಲಿಫೈಯರಿನ ಧೂಳಿನ ವಾಸನೆ, ಆಮೇಲೆ ಮುಳ್ಳು ಪ್ಲೇಟಿಗೆ ತಾಗಿದಾಗಿನ ಆ ಚರಚರ. ಲಂಡನ್ನಿನ ಫ್ರೀ ತಂಡ 1970ರಲ್ಲಿ ತಂದ ಆಲ್ಬಂ ಇದು. ಒಂದು ಮಗ್ಗುಲಿಗೆ ನಾಲ್ಕು, ಇನ್ನೊಂದಕ್ಕೆ ಮೂರು, ಹೀಗೆ ಏಳೇ ಹಾಡು. ನಡುವೆ ಎದ್ದುಹೋಗಿ ಪ್ಲೇಟು ಮಗುಚಬೇಕಿತ್ತು, ಆ ಹೊತ್ತಿನ ಮೌನವೂ ಹಾಡಿಗೇ ಸೇರಿದ್ದು ಅನ್ನಿಸುತ್ತಿತ್ತು.

ನುಡಿಸಿದವರಿಗೆ ಎಷ್ಟು ವಯಸ್ಸು ಅಂತೀರಿ? ಹಾಡುವ ಪಾಲ್ ರಾಜರ್ಸ್‌ಗೂ ಡ್ರಮ್ಸಿನ ಸೈಮನ್ ಕರ್ಕ್‌ಗೂ ಇಪ್ಪತ್ತು, ಗಿಟಾರಿನ ಪಾಲ್ ಕೊಸಾಫ್‌ಗೆ ಹತ್ತೊಂಬತ್ತು, ಬಾಸ್ ಗಿಟಾರಿನ ಆಂಡಿ ಫ್ರೇಸರ್‌ಗೆ ಹದಿನೆಂಟೂ ತುಂಬಿರಲಿಲ್ಲ. ಆ ವಯಸ್ಸಿನಲ್ಲಿ ಬರುವುದನ್ನೆಲ್ಲ ಒಂದೇ ಉಸಿರಿಗೆ ತೋರಿಸಿಬಿಡುವ ಆತುರ ಯಾರಿಗಿರುವುದಿಲ್ಲ! ಈ ಹುಡುಗರಿಗೆ ಇರಲಿಲ್ಲ. ಬ್ಲೂಸ್ ಸಂಗೀತದ ಹಿರಿಯ ಅಲೆಕ್ಸಿಸ್ ಕಾರ್ನರ್ ಹೆಸರಿಟ್ಟ ತಂಡ, ಬ್ಲೂಸ್‌ನ ತಾಳ್ಮೆ ಇವರ ಮೈಗೆ ಹತ್ತಿತ್ತು. ಈ ಆಲ್ಬಂನ ಕೊನೆಯ ಹಾಡು ‘ಆಲ್ ರೈಟ್ ನೌ’ ನೀವೂ ಎಲ್ಲೋ ಕೇಳಿರುತ್ತೀರಿ. ಅದರ ಚರಣಗಳಲ್ಲಿ ಬಾಸ್ ಇಲ್ಲವೇ ಇಲ್ಲ, ಬರೀ ಗಿಟಾರು, ಡ್ರಮ್ಸು, ದನಿ. ಪಲ್ಲವಿಗೆ ಫ್ರೇಸರ್ ಒಳಗೆ ಬರುತ್ತಾನೆ, ಇಷ್ಟು ಹೊತ್ತೂ ಅವನಿರಲಿಲ್ಲ ಅನ್ನುವುದು ಆಗ ಮೈಗೆ ತಿಳಿಯುತ್ತದೆ.

ಆದರೂ ನನ್ನ ಜೀವ ಹೋಗುವುದು ಕೊಸಾಫನ ಕಡೆಗೇ. ಗಿಟಾರ್ ಅಂದರೆ ವೇಗ ಅಂದುಕೊಂಡವರು ಅವನನ್ನು ಕೇಳಬೇಕು. ತಂತಿ ಎಳೆದು ಒಂದು ಸ್ವರ ಹಿಡಿಯುತ್ತಾನೆ, ಬಿಡುವುದಿಲ್ಲ. ವೀಣೆಯ ಕಂಪಿತ ಗಮಕದಂತೆ ಅದು ಅಲ್ಲೇ ನಡುಗುತ್ತ, ಸ್ವಲ್ಪ ಒರಟಾಗಿ, ಸ್ವಲ್ಪ ಅಳುವ ಹಾಗೆ, ನಮ್ಮೊಳಗೆ ಇಳಿಯುವವರೆಗೂ ನಿಂತಿರುತ್ತದೆ. ‘ಮಿಸ್ಟರ್ ಬಿಗ್’ ಹಾಡಿನಲ್ಲಿ ಫ್ರೇಸರ್‌ನ ಬಾಸ್ ಮುಂದೆ ಬಂದು ತಾನೇ ಹಾಡತೊಡಗಿದಾಗ ಕೊಸಾಫ್ ಹಿಂದೆ ಸರಿದು ಜಾಗ ಬಿಡುತ್ತಾನೆ. ಹಾಗೆ ಸರಿಯುವುದು ಎಷ್ಟು ದೊಡ್ಡ ಕಲಾವಿದರಿಗೂ ಸುಲಭವಲ್ಲ.

ಆಲ್ಬಂ ಬಂದ ವರ್ಷದ ಆಗಸ್ಟಿನಲ್ಲೇ ತಂಡದವರು ಐಲ್ ಆಫ್ ವೈಟ್ ಉತ್ಸವದ ಜನಸಾಗರದ ಮುಂದೆ ನುಡಿಸಿದರು, ಮರುವರ್ಷ ಒಡೆದುಹೋದರು, ಮತ್ತೆ ಸೇರಿದರು, 1973ರಲ್ಲಿ ಪೂರ್ತಿ ಬೇರೆಯಾದರು. ಅಷ್ಟರಲ್ಲಿ ಮಾದಕ ವಸ್ತುಗಳು ಕೊಸಾಫನನ್ನು ತಿನ್ನತೊಡಗಿದ್ದವು. 1976ರ ಮಾರ್ಚ್ 19ರಂದು ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಹೋಗುವ ವಿಮಾನದಲ್ಲೇ ತೀರಿಕೊಂಡ, ಇಪ್ಪತ್ತೈದರ ಹುಡುಗ. ತಂದೆ ಡೇವಿಡ್ ಕೊಸಾಫ್ ಹೆಸರಾಂತ ನಟ. ಮಗನ ಸಾವನ್ನೇ ರಂಗದ ಮೇಲೆ ಹೇಳಿಕೊಳ್ಳುತ್ತ, ಬೇರೆಯವರ ಮಕ್ಕಳು ಆ ದಾರಿ ಹಿಡಿಯದಿರಲಿ ಅಂತ ಊರೂರು ತಿರುಗಿದರು. ಅದನ್ನು ಓದಿದ ದಿನದಿಂದ ಆ ನಡುಗುವ ಸ್ವರ ಬಂದಾಗಲೆಲ್ಲ ನನಗೆ ಆ ಅಪ್ಪನೂ ನೆನಪಾಗುತ್ತಾರೆ.

ನನ್ನ ಪ್ಲೇಟು ಈಗ ಸೊಟ್ಟಗಾಗಿದೆ. ಫೋನಿನಲ್ಲಿ ಎಲ್ಲ ಚೊಕ್ಕಟವಾಗಿ ಕೇಳುತ್ತದೆ, ಏಳುವ ಗೋಜೂ ಇಲ್ಲ, ಮಕ್ಕಳಿಗೆ ಹಾಗೇ ಇಷ್ಟ. ಇರಲಿ, ಹಾಡು ಉಳಿದಿದೆಯಲ್ಲ. ನೀವು ಮಾತ್ರ ‘ಆಲ್ ರೈಟ್ ನೌ’ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ಮೊದಲನೆಯದರಿಂದ ಶುರುಮಾಡಿ, ಎರಡನೆಯ ಹಾಡು ‘ಓ ಐ ವೆಪ್ಟ್’ ಬಂದಾಗ ಕೈಯಲ್ಲಿನ ಕೆಲಸ ಬಿಟ್ಟು ಕೇಳಿ.