ಲಾಂಗೂ ಗೈಡೂ

ಆಲೂಗಡ್ಡೆ, ಹೊಯ್ಸಳರ ಶಿಲ್ಪ, ರಾಜಕಾರಣ. ಹಾಸನ ಜಿಲ್ಲೆಯವರು ಮೊದಲಿಂದ ಹೆಮ್ಮೆಪಟ್ಟುಕೊಂಡು ಬಂದಿರುವುದು ಈ ಮೂರರ ಬಗ್ಗೆ. 2018ರಲ್ಲಿ ನಾಲ್ಕನೆಯದೊಂದು ಸೇರಿಕೊಂಡಿತು: ಡಾನ್‌ಗಳು. ಆ ವರ್ಷ ಫೆಬ್ರವರಿಯಲ್ಲಿ ಅರಸೀಕೆರೆ ಕಡೆಯ ಧನಂಜಯ ‘ಟಗರು’ ಚಿತ್ರದ ಡಾಲಿಯಾಗಿ ತೆರೆಯ ಮೇಲೆ ಬಂದರು. ಡಿಸೆಂಬರಿನಲ್ಲಿ ಭುವನಹಳ್ಳಿಯ ಯಶ್ ‘ಕೆಜಿಎಫ್’ನ ರಾಕಿಯಾದರು. ಒಂದೇ ಜಿಲ್ಲೆ, ಒಂದೇ ವರ್ಷ, ಇಬ್ಬರು ಭೂಗತ ದೊರೆಗಳು. ಬೇರೆ ಜಿಲ್ಲೆಯವರು ಹೊಟ್ಟೆ ಉರಿದುಕೊಂಡರೆ ತಪ್ಪಿಲ್ಲ.

ತಮಾಷೆಯೆಂದರೆ ಇಬ್ಬರೂ ದಾರಿ ಬದಲಿಸಿದವರೇ. ಧನಂಜಯ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಇನ್ಫೊಸಿಸ್‌ನಲ್ಲಿ ಕೆಲಸಕ್ಕಿದ್ದವರು. ಯಶ್ ಬಸ್ ಡ್ರೈವರ್ ಮಗ; ಬೆಂಗಳೂರಿಗೆ ಹೋಗಿ ನಾಟಕ, ಧಾರಾವಾಹಿ ಅಂತ ಅಲೆದು ಮೇಲೆ ಬಂದವರು. ಹೀಗಾಗಿ ಈಗ ನಮ್ಮ ಶೆಟ್ಟಿಹಳ್ಳಿ ಕಡೆ ಯಾವ ಮನೆಯಲ್ಲೇ ಆಗಲಿ ಹುಡುಗನೊಬ್ಬ ‘ಕೆಲಸ ಬಿಡ್ತೀನಿ’ ಅಂದರೆ, ಅವರಪ್ಪ ತಲೆಮೇಲೆ ಕೈ ಹೊತ್ತುಕೊಳ್ಳುವುದಕ್ಕೆ ಮುಂಚೆ ಅರೆಗಳಿಗೆ ಯೋಚಿಸುತ್ತಾರೆ. ಯಾರಿಗೆ ಗೊತ್ತು, ಇವನ ಹಣೆಯಲ್ಲೂ ಡಾನ್ ಅಂತ ಬರೆದಿದ್ದರೆ?

ನನಗೆ ಎರಡು ಚಟಗಳಿವೆ. ಒಂದು ರೌಡಿ ಸಿನಿಮಾ, ಇನ್ನೊಂದು ವೃತ್ತಿ ಬದಲಿಸುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳು. ಸೇರಿದ ಇಲಾಖೆಯಲ್ಲೇ ನಿವೃತ್ತಿಯಾಗಲಿರುವವನು ನಾನು. ಯಾರಿಗೂ ಗಟ್ಟಿಯಾಗಿ ಗದರಿದ ದಾಖಲೆ ನನ್ನ ಸೇವಾ ಪುಸ್ತಕದಲ್ಲಿಲ್ಲ. ಆದರೂ ಮದುವೆಯಾಗಿ ಸುಖವಾಗಿರುವವರು ಭಾನುವಾರದ ವಧೂವರರ ಕಾಲಂ ಬಿಡದೆ ಓದುವ ಹಾಗೆ ನಾನು ಇವೆರಡನ್ನೂ ಬಿಟ್ಟಿಲ್ಲ. ಓದಿ ನೋಡಿ ನನಗೆ ಬಂದಿರುವ ಗುಮಾನಿಯೆಂದರೆ, ಇವು ಎರಡು ಚಟವಲ್ಲ, ಒಂದೇ.

ಇದಕ್ಕೆ ಪುರಾವೆ 1972ನೇ ಇಸವಿ. ಆ ವರ್ಷ ಅಮೆರಿಕದಲ್ಲಿ ಕೊಪ್ಪೊಲಾರ ‘ಗಾಡ್‌ಫಾದರ್’ ಬಿಡುಗಡೆಯಾಯಿತು. ರಿಚರ್ಡ್ ಬೋಲ್ಸ್ ಬರೆದ ‘ವಾಟ್ ಕಲರ್ ಈಸ್ ಯುವರ್ ಪ್ಯಾರಾಚೂಟ್?’ ಎಂಬ ಗೈಡು ಒಬ್ಬ ಪ್ರಕಾಶಕರ ಕೈಸೇರಿ ಅಂಗಡಿಗೆ ಬಂದದ್ದೂ ಅದೇ ವರ್ಷ. ಬೋಲ್ಸ್ ಪಾದ್ರಿಯಾಗಿದ್ದವರು. ಸ್ಯಾನ್‌ಫ್ರಾನ್ಸಿಸ್ಕೊದ ದೊಡ್ಡ ಚರ್ಚೊಂದರಲ್ಲಿ ಖರ್ಚು ಕಡಿತವಾದಾಗ ಕೆಲಸ ಕಳೆದುಕೊಂಡರು. ತಮ್ಮ ಹಾಗೇ ಬೀದಿಗೆ ಬಿದ್ದ ಪಾದ್ರಿಗಳಿಗೆಂದು 1970ರಲ್ಲಿ ತಾವೇ ಅಚ್ಚುಹಾಕಿಸಿ ಹಂಚಿದ ಪುಸ್ತಕ ಆಮೇಲೆ ಕೋಟಿಗೂ ಮೀರಿ ಖರ್ಚಾಯಿತು. ಇತ್ತ ‘ಗಾಡ್‌ಫಾದರ್’ ಕಾದಂಬರಿ ಬರೆದ ಮಾರಿಯೊ ಪುಜೊ ಅದನ್ನು ಬರೆಯುವ ಹೊತ್ತಿಗೆ ವಯಸ್ಸು ನಲವತ್ತು ದಾಟಿದ, ಸಾಲದಲ್ಲಿ ಮುಳುಗಿದ ಲೇಖಕ. ಮೊದಲ ಎರಡು ಕಾದಂಬರಿಗಳನ್ನು ವಿಮರ್ಶಕರು ಹೊಗಳಿದ್ದರು, ಜನ ಕೊಂಡಿರಲಿಲ್ಲ. ಸಾಲ ತೀರಿಸಲೆಂದೇ ಮಾಫಿಯಾ ಕಥೆಗೆ ಕೈಹಾಕಿದೆ, ಬರೆಯುವಾಗ ನಿಜವಾದ ಒಬ್ಬ ಗ್ಯಾಂಗ್‌ಸ್ಟರನ್ನೂ ಕಂಡಿರಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅಂದರೆ ಕೆಲಸ ಹೋದವನೊಬ್ಬ ಗೈಡು ಬರೆದ, ಕೆಲಸದಲ್ಲಿ ಕಾಸು ಗಿಟ್ಟದವನೊಬ್ಬ ಡಾನ್ ಕಥೆ ಬರೆದ. ಎರಡಕ್ಕೂ ಮೂಲ ಒಂದೇ: ತಿಂಗಳ ಕೊನೆ.

ಕಥೆಗಳನ್ನಾದರೂ ನೋಡಿ. ಯುದ್ಧದಲ್ಲಿ ಪದಕ ಪಡೆದು ಬಂದ ‘ಗಾಡ್‌ಫಾದರ್’ನ ಮೈಕೇಲ್ ಅಪ್ಪನ ದಂಧೆಗೆ ಕಾಲಿಡುವುದಿಲ್ಲ ಎಂದುಕೊಂಡವನು, ಕೊನೆಗೆ ಯಜಮಾನನಾಗುತ್ತಾನೆ. ಉಪೇಂದ್ರರ ‘ಓಂ’ (1995) ಚಿತ್ರದ ಸತ್ಯ ಅರ್ಚಕರ ಮಗ. ಉದ್ಧರಣೆ ಹಿಡಿಯಬೇಕಿದ್ದ ಕೈ ಲಾಂಗು ಹಿಡಿಯುತ್ತದೆ. ‘ಕೆಜಿಎಫ್’ನ ರಾಕಿ ಮುಂಬಯಿಯಲ್ಲಿ ಬೂಟ್ ಪಾಲಿಶ್‌ನಿಂದ ಶುರುಮಾಡುತ್ತಾನೆ. ಎಲ್ಲವೂ ವೃತ್ತಿ ಬದಲಾವಣೆಯ ಕಥೆಗಳೇ. ಅದರಲ್ಲೂ ಈ ಸಿನಿಮಾಗಳ ಕಚೇರಿ ನನ್ನಂಥ ನೌಕರನಿಗೆ ಸ್ವರ್ಗ. ಅರ್ಜಿ ಇಲ್ಲ, ಸಂದರ್ಶನ ಇಲ್ಲ, ಸಿಂಧುತ್ವ ಪ್ರಮಾಣಪತ್ರ ಇಲ್ಲ. ಬೆಳಗ್ಗೆ ಟೀ ತಂದುಕೊಡುತ್ತಿದ್ದ ಹುಡುಗ ಒಂದು ಸ್ಕೆಚ್ ಸರಿಯಾಗಿ ಹಾಕಿದರೆ ಇಂಟರ್‌ವಲ್ ಹೊತ್ತಿಗೆ ಅಣ್ಣನ ಬಲಗೈ. ಸೀನಿಯಾರಿಟಿ ಪಟ್ಟಿಗೆ ಯಾರೂ ಆಕ್ಷೇಪಣೆ ಸಲ್ಲಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅಣ್ಣನಿಗೆ ಪ್ರತಿಯೊಬ್ಬ ಹುಡುಗನ ಹೆಸರೂ ಗೊತ್ತು, ಅವನ ತಂಗಿಯ ಮದುವೆ ಯಾವತ್ತು ಅನ್ನುವುದೂ ಗೊತ್ತು. ‘ಗಾಡ್‌ಫಾದರ್’ನಲ್ಲಿ ದಪ್ಪನೆಯ ಕ್ಲೆಮೆಂಜಾ ಮೈಕೇಲನನ್ನು ಒಲೆಯ ಹತ್ತಿರ ಕರೆದು ಹತ್ತಾರು ಜನಕ್ಕಾಗುವಷ್ಟು ಟೊಮೆಟೊ ಸಾಸ್ ಮಾಡುವುದನ್ನು ಕಲಿಸುತ್ತಾನೆ. ನಮ್ಮ ಇಲಾಖೆಯ ಎಷ್ಟೋ ತರಬೇತಿ ಶಿಬಿರಗಳಿಗೆ ಹೋಗಿ ಬಂದಿದ್ದೇನೆ. ಅಷ್ಟು ಪ್ರೀತಿಯಿಂದ ಯಾರೂ ನನಗೆ ಏನನ್ನೂ ಕಲಿಸಿಲ್ಲ. ಜನ ಈ ಸಿನಿಮಾಗಳಿಗೆ ರಕ್ತ ನೋಡಲು ಹೋಗುತ್ತಾರೆಂಬ ಮಾತನ್ನು ನಾನು ನಂಬುವುದಿಲ್ಲ. ಗುರುತಿಸುವ ಯಜಮಾನನನ್ನು ನೋಡಲು ಹೋಗುತ್ತಾರೆ.

ಇನ್ನು ಗೈಡಿನ ವಿಷಯ. ಬೆಂಗಳೂರಿನ ಕಂಪನಿಯೊಂದರಲ್ಲಿ ಗ್ರಾಹಕರ ದೂರು ಕೇಳುವ ಕೆಲಸದಲ್ಲಿದ್ದ ನಮ್ಮ ದೊಡ್ಡಮ್ಮನ ಮಗ ಕೆಲಸ ಕಳೆದುಕೊಂಡು ಊರಿಗೆ ಬಂದ. ಬೋಲ್ಸ್ ಸಾಹೇಬರ ಪುಸ್ತಕವನ್ನು ನಾನೇ ಅವನ ಕೈಗಿಟ್ಟೆ. ಅದರಲ್ಲಿ ಏಳು ದಳದ ಹೂವೊಂದನ್ನು ತುಂಬಿಸಬೇಕು. ಎಂಥ ಜನರ ನಡುವೆ ಇರಬೇಕು, ಎಂಥ ಜಾಗದಲ್ಲಿ, ಎಷ್ಟು ಸಂಬಳ, ಕೈಗೆ ಯಾವ ಕೆಲಸ ಹತ್ತುತ್ತದೆ, ಹೀಗೆ ದಳಕ್ಕೊಂದು ಪ್ರಶ್ನೆ. ಅವನು ಪಡಸಾಲೆಯಲ್ಲಿ ಕೂತು ಬಿಳಿ ಹಾಳೆಯ ಮೇಲೆ ಹೂವು ಬಿಡಿಸುತ್ತಿದ್ದಾಗ ದೊಡ್ಡಮ್ಮ ಹಿತ್ತಿಲಿಂದ ಬಂದರು.

“ಏನ್ಲಾ ಇದು, ಗಂಡ್ಸಾಗಿ ರಂಗೋಲಿ ಬರ್ಕಂಡು ಕೂತಿದೀಯ?”

“ರಂಗೋಲಿ ಅಲ್ಲ ಕಣವ್ವ. ನಂಗೆ ಯಾವ ಕೆಲ್ಸ ಇಷ್ಟ ಅಂತ ತಿಳ್ಕೊಳೋದು.”

“ಇಷ್ಟವಾ? ನಿಮ್ಮಪ್ಪ ಒಂದಿನಾನಾದ್ರೂ ಹೊಲಕ್ಕೆ ಇಷ್ಟ ಪಟ್ಕಂಡು ಹೋಗಿದ್ರಾ ಕೇಳು.”

ದೊಡ್ಡಮ್ಮನ ಪ್ರಶ್ನೆಯನ್ನು ಬದಿಗೆ ಸರಿಸುವ ಹಾಗಿಲ್ಲ. ನಮ್ಮ ಕಡೆ ಬದುಕು ಬದಲಾದದ್ದು ಇಷ್ಟದಿಂದಲ್ಲ. ಹೇಮಾವತಿಗೆ ಗೊರೂರಿನ ಹತ್ತಿರ ಅಣೆಕಟ್ಟು ಕಟ್ಟಿದರು, 1979ರ ಹೊತ್ತಿಗೆ ನೀರು ನಿಂತಿತು, ಹಿನ್ನೀರಿನ ಊರುಗಳು ಮುಳುಗಿದವು. ಗದ್ದೆ ಬಿಟ್ಟು ಬಂದವರಿಗೆ ಯಾರೂ ಏಳು ದಳದ ಹೂವು ಕೊಡಲಿಲ್ಲ. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿ ಚರ್ಚು ಕೂಡ ಅಂದೇ ಕೆಲಸ ಕಳೆದುಕೊಂಡಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ನೀರಲ್ಲಿ, ಬೇಸಿಗೆಯಲ್ಲಿ ಬಯಲಲ್ಲಿ. ಈಗ ಅದಕ್ಕೆ ಹೊಸ ನೌಕರಿ ಸಿಕ್ಕಿದೆ: ಮದುವೆಗೆ ಮುಂಚಿನ ಫೋಟೊಗಳಿಗೆ ಹಿನ್ನೆಲೆಯಾಗಿ ನಿಲ್ಲುವುದು. ಪಾಪನಿವೇದನೆ ಕೇಳುತ್ತಿದ್ದ ಗೋಡೆಗಳ ಮುಂದೆ ವರ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಥೇಟ್ ರಾಕಿಯ ಗತ್ತಿನಲ್ಲಿ ನಿಲ್ಲುತ್ತಾನೆ. ಹೊಲಗಳೂ ಹಾಗೇ. ಅಂಗಮಾರಿ ರೋಗಕ್ಕೆ ಸೋತು ಆಲೂಗಡ್ಡೆ ಬಿಟ್ಟವರು ಮುಸುಕಿನ ಜೋಳಕ್ಕೆ ಹೋದರು, ಶುಂಠಿಗೆ ಹೋದರು. ಯಾರಾದರೂ ಅವರ ಇಷ್ಟ ಕೇಳಿದರೆ ನಗುತ್ತಾರೆ.

ಹಾಗಾದರೆ ಗೈಡು ದಂಡವೇ? ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ. ಆದರೆ ದೊಡ್ಡಮ್ಮನ ಮಗ ದಳ ತುಂಬಿಸಿ ಮುಗಿಸಿದಾಗ ಒಂದು ವಿಚಿತ್ರ ಬಯಲಾಯಿತು. ಕಂಪ್ಯೂಟರ್ ಅವನಿಗೆ ಎಂದೂ ಹಿಡಿಸಿರಲಿಲ್ಲ. ಹಿಡಿಸಿದ್ದು ಸಿಟ್ಟಿಗೆದ್ದವರ ಫೋನು! ಬೈಯುವವರು ಬೈದು ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ ಸಮಾಧಾನ ಮಾಡುವುದರಲ್ಲಿ ಅವನಿಗೆ ಏನೋ ಖುಷಿ. ಇಷ್ಟು ವರ್ಷ ಸಂಬಳ ತೆಗೆದುಕೊಂಡರೂ ಅದು ಅವನಿಗೇ ಗೊತ್ತಿರಲಿಲ್ಲ. ದೊಡ್ಡಪ್ಪನಿಗೆ ಹಾಸನದ ಎಪಿಎಂಸಿಯಲ್ಲಿ ಗೊತ್ತಿರುವವರಿದ್ದರು. ಅವರ ಮೂಲಕ ಬಿತ್ತನೆ ಬೀಜ, ಗೊಬ್ಬರದ ಅಂಗಡಿಯೊಂದಕ್ಕೆ ಸೇರಿಕೊಂಡ. ಜಲಂಧರದಿಂದ ಬಂದ ಬೀಜದ ಆಲೂಗಡ್ಡೆ ಮೊಳೆಯದೆ ಕೊಳೆತರೆ ರೈತರು ಎಲ್ಲಿಗೆ ಬಂದು ಕೂಗಾಡುತ್ತಾರೆ? ಅವನ ಕೌಂಟರಿಗೆ. ಅವನಿಗೆ ಬೇಕಾದದ್ದೂ ಅದೇ.

ಕೆಲಸ ಕೊಡಿಸಿದ್ದು ವಶೀಲಿ, ಗೈಡಲ್ಲ ಎಂದು ನೀವು ಅನ್ನಬಹುದು. ಬೋಲ್ಸ್ ಕೂಡ ಅದನ್ನೇ ಹೇಳುವುದು: ಸಿಕ್ಕಸಿಕ್ಕಲ್ಲಿಗೆ ಅರ್ಜಿ ಗುಜರಾಯಿಸುತ್ತ ಕೂರಬೇಡ, ಕೆಲಸ ಕೊಡುವ ಅಧಿಕಾರ ಯಾರ ಕೈಯಲ್ಲಿದೆ ಪತ್ತೆಮಾಡು, ಪರಿಚಯದವರ ಮೂಲಕ ಹೋಗಿ ಕಾಣು. ರೌಡಿ ಸಿನಿಮಾದ ಹುಡುಗ ಅಣ್ಣನ ಅಡ್ಡಾಗೆ ಬರುವುದೂ ಹೀಗೇ ತಾನೆ? ವಶೀಲಿ ನಮ್ಮಲ್ಲಿ ಎಲ್ಲರಿಗೂ ಅಷ್ಟೋ ಇಷ್ಟೋ ಇರುತ್ತದೆ. ಅಲ್ಲಿಗೆ ಹೋಗಿ ಏನು ಕೇಳಬೇಕೆಂಬುದು ಮಾತ್ರ ಗೊತ್ತಿರುವುದಿಲ್ಲ. ‘ಏನಾದ್ರೂ ಒಂದು ಕೆಲ್ಸ ಕೊಡ್ಸಿ ಸಾರ್’ ಎಂದವನಿಗೆ ಏನೂ ಸಿಗುವುದಿಲ್ಲ. ‘ಇಂಥದ್ದು ಕೊಡ್ಸಿ’ ಎನ್ನುವಷ್ಟು ಬಾಯಿ ಬರಿಸುವುದೇ ಗೈಡಿನ ಉಪಯೋಗ. ಅದು ಸಣ್ಣದೇನಲ್ಲ.

ಒಂದು ವಿಷಯದಲ್ಲಿ ಮಾತ್ರ ಸಿನಿಮಾ ಗೈಡಿಗಿಂತ ಪ್ರಾಮಾಣಿಕ. ಅದು ಬಿಲ್ಲು ತೋರಿಸುತ್ತದೆ. ‘ಜೋಗಿ’ (2005) ಚಿತ್ರದ ಮಾದೇಶನನ್ನು ಹುಡುಕಿಕೊಂಡು ತಾಯಿ ಬೆಂಗಳೂರಿಗೆ ಬರುತ್ತಾಳೆ. ಕೊನೆಯಲ್ಲಿ ಯಾರದೋ ಹೆಣವೆಂದುಕೊಂಡು ಅವನು ಕುಣಿಯುವುದು ಅವಳ ಹೆಣದ ಮುಂದೆ. ಲಾಂಗಿಗೆ ಶಿಳ್ಳೆ ಹೊಡೆದ ಟಾಕೀಸೇ ಅಲ್ಲಿ ಮೂಗು ಒರೆಸಿಕೊಳ್ಳುತ್ತದೆ. ಹಳೆಯ ಕೆಲಸ ಬಿಟ್ಟದ್ದಕ್ಕೆ ಮನೆಯವರು ತೆರುವ ಬೆಲೆಯ ಬಗ್ಗೆ ಇಷ್ಟು ಖಾರವಾದ ಅಧ್ಯಾಯ ನಾನು ಓದಿದ ಯಾವ ಗೈಡಿನಲ್ಲೂ ಇಲ್ಲ. ಅವುಗಳಲ್ಲಿ ಎಲ್ಲರೂ ಗೆದ್ದವರೇ. ಐಟಿ ಬಿಟ್ಟು ಡ್ರ್ಯಾಗನ್ ಫ್ರೂಟ್ ಬೆಳೆದವನ ಫೋಟೊ ಇರುತ್ತದೆ, ಬೆಳೆದು ಕೈಸುಟ್ಟುಕೊಂಡವನದು ಇರುವುದಿಲ್ಲ.

ಸಿನಿಮಾ ಹೇಳದೆ ಉಳಿಸುವುದು ಹೊರಬರುವ ದಾರಿಯನ್ನು. ಅದಕ್ಕೆ ಕನ್ನಡದಲ್ಲಿ ಒಂದು ಪುಸ್ತಕವಿದೆ. ಭೂಗತ ಲೋಕದಲ್ಲಿದ್ದು, ಅದನ್ನು ಬಿಟ್ಟು, ಪತ್ರಿಕೆ ನಡೆಸಿದ ಅಗ್ನಿ ಶ್ರೀಧರ್ ‘ದಾದಾಗಿರಿಯ ದಿನಗಳು’ ಬರೆದರು. ಅದರಿಂದ 2007ರಲ್ಲಿ ‘ಆ ದಿನಗಳು’ ಸಿನಿಮಾ ಹುಟ್ಟಿತು. ಲಾಂಗು ಇಳಿಸಿ ಪೆನ್ನು ಹಿಡಿದ ಈ ವೃತ್ತಿ ಬದಲಾವಣೆಯ ಮುಂದೆ ಬೋಲ್ಸ್ ಸಾಹೇಬರ ಏಳು ದಳವೂ ಸಪ್ಪೆ. ಆ ಪುಸ್ತಕದ ರೌಡಿಗಳಿಗೆ ಹಾಡೂ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಹೆಚ್ಚಿನ ಹೊತ್ತು ಅವರು ಮಾಡುವುದು ಕಾಯುವುದು, ಹೆದರುವುದು. ಹೆಚ್ಚುಕಮ್ಮಿ ನಮ್ಮ ಕಚೇರಿಯ ಹಾಗೇ.

ಈಗ ಯಾರಾದರೂ ಹುಡುಗರು ‘ಅಣ್ಣ, ಕೆಲ್ಸ ಬಿಡೋಣ ಅಂತಿದೀನಿ, ಏನ್ ಮಾಡ್ಲಿ?’ ಎಂದು ಕೇಳಿದರೆ ನಾನು ಎರಡನ್ನೂ ಶಿಫಾರಸು ಮಾಡುತ್ತೇನೆ. ಮೊದಲು ಸಿನಿಮಾ ನೋಡು, ಕೊನೆಯ ರೀಲಿನವರೆಗೂ ಕೂತು ನೋಡು. ಆಮೇಲೆ ಗೈಡು ಓದು, ಪೆನ್ಸಿಲ್ ಹಿಡಿದು ಓದು. ಆದರೆ ಸಿನಿಮಾ ನೋಡಿ ಬಂದ ರಾತ್ರಿ ರಾಜೀನಾಮೆ ಬರೆಯಬೇಡ, ಗೈಡು ಮುಗಿಸಿದ ಬೆಳಗ್ಗೆಯೂ ಬರೆಯಬೇಡ. ಸಂಬಳ ಖಾತೆಗೆ ಬಿದ್ದ ಮಾರನೇ ದಿನ, ಊಟ ಮಾಡಿದ ಮೇಲೆ, ಅವ್ವನ ಹತ್ತಿರ ಹೇಳಿ ನೋಡು. ಅವಳು ಬೈದು ಮುಗಿಸಿದ ಮೇಲೂ ಬರೆಯಬೇಕು ಅನ್ನಿಸಿದರೆ ಬರಿ.