ಒಂದು ಕಾರ್ಡು, ಒಂದು ಕೈ

ಶ್ರೀಮಠದ ಆಶ್ರಯದಲ್ಲಿ ನಡೆದುಬಂದಿರುವ ಈ ಶಾಲೆಯಲ್ಲಿ ಕಲಿತ ವಿದ್ಯೆಗಳಲ್ಲಿ ಬಾಳಿನುದ್ದಕ್ಕೂ ಕೈಹಿಡಿದದ್ದು ಯಾವುದೆಂದು ಯಾರಾದರೂ ಕೇಳಿದರೆ, ಕಾಗದ ಬರೆಯುವ ವಿದ್ಯೆ ಎಂದೇ ನಾನು ಹೇಳುತ್ತೇನೆ. ಆದರೆ ಅದರ ಮರ್ಮವನ್ನು ನನಗೆ ತಿಳಿಸಿಕೊಟ್ಟವರು ಗುರುಗಳಲ್ಲ. ಆಗತಾನೆ ಅಕ್ಷರ ಕಲಿತ ಒಬ್ಬ ಅಜ್ಜಿ.

ಅದು ೧೯೮೦ರ ಬೇಸಿಗೆ. ಸುಗಟೂರು ಹೋಬಳಿಯ ಒಂದು ಹಳ್ಳಿಯಲ್ಲಿ ನಾನು ಉಪಾಧ್ಯಾಯನಾಗಿದ್ದೆ. ಹೊಸಕೋಟೆಯಲ್ಲಿ ಕೋಟೆಯನ್ನೂ ವಿಶಾಲವಾದ ಕೆರೆಯನ್ನೂ ಕಟ್ಟಿಸಿದ ತಮ್ಮೇಗೌಡರು ಈ ಸುಗಟೂರಿನ ಪಾಳೆಯಗಾರರೇ. ಅಂಥ ಕೀರ್ತಿಯ ಸೀಮೆಯಲ್ಲಿ ಕುಡಿಯುವ ನೀರಿಗೆ ಹಾಹಾಕಾರ! ಬತ್ತದೆ ಹರಿಯುವ ಹೊಳೆಯಿಲ್ಲದ ನಾಡು ನಮ್ಮದು. ಕೆರೆ ಒಣಗಿದರೆ ಬಾವಿಯೂ ಒಣಗುತ್ತದೆ. ಊರಿಗಿದ್ದ ಒಂದೇ ಒಂದು ಬೋರಿಂಗು ಕೆಟ್ಟು ಎರಡು ತಿಂಗಳಾಗಿತ್ತು.

ತಾರುಣ್ಯದ ಹುಮ್ಮಸ್ಸಿನಲ್ಲಿ ನಾನು ೧೫ ಪೈಸೆಯ ೪೦ ಕಾರ್ಡುಗಳನ್ನು ತಂದು, ಒಂದೇ ರಾತ್ರಿ ಎಲ್ಲವನ್ನೂ ಬರೆದು, ಊರವರ ಹೆಸರುಗಳನ್ನು ನಾನೇ ಹಾಕಿ ಶಾಸಕರಿಗೆ ಕಳುಹಿಸಿದೆ. ಅರ್ಧ ಕಾರ್ಡು ಅವರ ಸ್ತುತಿ. ಉಳಿದರ್ಧದಲ್ಲಿ ರಸ್ತೆ, ಬಸ್ಸು, ದೀಪ, ಕಡೆಗೆ ನೀರು. ತಿಂಗಳ ಮೇಲೆ ಅವರನ್ನು ಕಂಡಾಗ ನಕ್ಕು, “ಮೇಷ್ಟ್ರೇ, ನಲವತ್ತು ಕಾರ್ಡು ಬಂತು, ಆದರೆ ಬರೆದ ಕೈ ಒಂದೇ ಅಲ್ಲವೆ?” ಎಂದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಊರವರ ಒಪ್ಪಿಗೆ ಪಡೆದಿದ್ದೆನೇ ಹೊರತು, ಬರೆದದ್ದನ್ನು ಅವರಿಗೆ ಓದಿ ಹೇಳಿರಲೂ ಇಲ್ಲ. ನಿಜವಾದ ಕಷ್ಟವನ್ನು ನನ್ನ ಅವಸರ ಸುಳ್ಳಾಗಿಸಿತ್ತು.

೧೯೭೮ರ ಅಕ್ಟೋಬರ್ ೨ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದ ರಾತ್ರಿಶಾಲೆ ನಮ್ಮಲ್ಲಿಯೂ ನಡೆಯುತ್ತಿತ್ತು. ಅಲ್ಲಿ ಈ ಸಂಗತಿಯನ್ನು ಮುಚ್ಚಿಡದೆ ಹೇಳಿದೆ. ಆ ಅಜ್ಜಿ, “ನನ್ನ ನೀರಿನ ಕಷ್ಟ ನಾನೇ ಬರೀತೀನಿ, ಕಾರ್ಡು ಕೊಡಿ ಮೇಷ್ಟ್ರೆ” ಎಂದರು. ಎರಡು ಸಂಜೆ ಕುಳಿತು, ಸೊಟ್ಟ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆದರು: ಬೋರಿಂಗು ಕೆಟ್ಟಿದೆ, ಎರಡು ಮೈಲಿ ನಡೆದು ನೀರು ತರುತ್ತೇನೆ, ನನಗೆ ಅರವತ್ತು ದಾಟಿದೆ, ಯಾವತ್ತು ಸರಿಮಾಡಿಸುತ್ತೀರಿ ತಿಳಿಸಿ. ಮತ್ತೆ ಹನ್ನೊಂದು ಮಂದಿ ತಮ್ಮ ತಮ್ಮ ಮಾತಿನಲ್ಲಿ ಬರೆದರು. ಮೂರು ವಾರದಲ್ಲಿ ರಿಪೇರಿಯವರು ಬಂದರು. ಕಾರ್ಡುಗಳಿಂದ ಬಂದರೋ, ತಮ್ಮ ಸರದಿಯಂತೆ ಬಂದರೋ ಹೇಳಲಾರೆ. ಆದರೆ ಅಜ್ಜಿಯ ಹೆಸರಿಗೆ ಉತ್ತರ ಬಂದಿತ್ತು. ಅದನ್ನು ಅವರು ದೇವರ ಗೂಡಿನಲ್ಲಿಟ್ಟುಕೊಂಡಿದ್ದರು.

ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದದ್ದು ಇಷ್ಟು: ಒಂದು ಕಾರ್ಡಿಗೆ ಒಂದೇ ವಿಷಯ, ಊರು, ಹೋಬಳಿ, ತಾಲ್ಲೂಕು ಸ್ಪಷ್ಟವಾಗಿರಲಿ, ಕಂಡದ್ದನ್ನು, ಉಂಡದ್ದನ್ನು ಬರೆಯಿರಿ, ಬೇಡುವುದನ್ನು ಒಂದು ವಾಕ್ಯದಲ್ಲಿ ಬೇಡಿ, ಬೈಗುಳವೂ ಬೇಡ, ಹೊಗಳಿಕೆಯೂ ಬೇಡ, ತಾರೀಖು, ಸಹಿ, ವಿಳಾಸ ಮರೆಯದಿರಲಿ. ಕೆಲಸವಾದರೆ ವಂದನೆಯ ಕಾರ್ಡನ್ನೂ ಹಾಕಿ.

ಮತದಾರರಿಗೆ ಬರೆಯುವಾಗಲೂ ಇದೇ ನಿಯಮ. ಮತದಾನದ ವಯಸ್ಸು ೧೯೮೯ರಲ್ಲಿ ೨೧ರಿಂದ ೧೮ಕ್ಕೆ ಇಳಿದ ಮೇಲೆ, ದುಡಿಮೆಗಾಗಿ ಬೆಂಗಳೂರು ಸೇರಿದ ನಮ್ಮೂರ ಹುಡುಗರಿಗೆ ಚುನಾವಣೆ ಬಂದಾಗಲೆಲ್ಲ ಕಾರ್ಡು ಹಾಕಿದ್ದೇನೆ. ಯಾರಿಗೆ ಮತ ಹಾಕಬೇಕೆಂದು ಒಮ್ಮೆಯೂ ಬರೆದವನಲ್ಲ. ಮತದಾನದ ದಿನ, ಮತಗಟ್ಟೆ, “ನಿಮ್ಮ ತಾಯಿ ದಾರಿ ನೋಡುತ್ತಿದ್ದಾರೆ” ಎಂಬ ಒಂದು ಮಾತು, ಇಷ್ಟೇ.

೨೦೧೮ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ನಮ್ಮ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹರಿದುಬಂದಿತು. ಎರಡು ಹಂತಗಳಲ್ಲಿ ಶುದ್ಧಿಯಾದ ಆ ನೀರಿಗೆ ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಕೂಗು ಜಿಲ್ಲೆಯಲ್ಲೆಲ್ಲ ಎದ್ದಿತು. ಬರೆಯಬೇಕಾದ ವಿಷಯಗಳು ತೀರಿಲ್ಲ. ಬರೆಯುವ ಕೈಗಳು ಬೇಕು. ವರ್ಷಕ್ಕೊಂದು ದಿನ ಪ್ರತಿಯೊಂದು ಮಗುವಿನ ಕೈಗೂ ಒಂದು ಕಾರ್ಡನ್ನು ಕೊಡಿರೆಂದು ಈ ಶಾಲೆಯ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹ. ಕಾರ್ಡಿನ ವೆಚ್ಚ ನನ್ನದಾಗಿರಲಿ; ಒಕ್ಕಣೆ ಮಾತ್ರ ಮಗುವಿನದೇ ಆಗಿರಲಿ.