ಏಲಿಯನ್‌ಗಳ ದಂಡನಾಯಕ

ನಮ್ಮ ಕಥೆಯ ಏಲಿಯನ್ ಸಾಮ್ರಾಜ್ಯಕ್ಕೆ ಮೂರು ಚಂದ್ರ, ಎರಡು ಭಾಷೆ, ದೊಡ್ಡದೊಂದು ಸೈನ್ಯ ಎಲ್ಲಾ ರೆಡಿ ಇತ್ತು. ರ‍್ಯಾಂಕ್ ಮಾತ್ರ ಇರಲಿಲ್ಲ. ಕ್ಯಾಪ್ಟನ್, ಕಮಾಂಡರ್, ಅಡ್ಮಿರಲ್ ಅಂತ ಬರೆದರೆ ಹಾಲಿವುಡ್ ಸಿನಿಮಾದ ಡಬ್ಬಿಂಗ್ ಥರ ಕೇಳಿಸುತ್ತಿತ್ತು.

ರಜೆಯಲ್ಲಿ ಚಿಕ್ಕನರಗುಂದದ ಗೆಳೆಯನ ಮನೆಗೆ ಹೋದಾಗ ಅಲ್ಲೇ ಕೂತು ಪಟ್ಟಿ ಮಾಡಿದೆವು. ಈ ಕಡೆ ಅಡ್ಡಹೆಸರುಗಳೇ ಅರ್ಧ ಸೈನ್ಯ: ದಳವಾಯಿ, ಕಿಲ್ಲೇದಾರ, ಜಮಾದಾರ, ಹವಾಲ್ದಾರ. ಹವಾಲ್ದಾರ ಇವತ್ತಿಗೂ ಭಾರತೀಯ ಸೇನೆಯಲ್ಲಿದ್ದಾನೆ. ಜಮಾದಾರ 1965ರಲ್ಲಿ ನಾಯಬ್ ಸುಬೇದಾರ ಆದ. ಇನ್ನೂ ಹಿಂದೆ ಹೋದರೆ ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಮಹಾಪ್ರಚಂಡ ದಂಡನಾಯಕ! ಈ ಹೆಸರು ಸಿಕ್ಕಿದ್ದೇ ತಡ, ನಮ್ಮ ಅಡ್ಮಿರಲ್ ರಾಜೀನಾಮೆ ಕೊಟ್ಟ. ಹೊಯ್ಸಳರ ಗರುಡರನ್ನೂ ತಗೊಂಡೆವು. ದೊರೆ ಸತ್ತರೆ ತಾವೂ ಸಾಯ್ತೀವಿ ಅಂತ ಆಣೆ ಮಾಡಿದವರು ಅವರು. ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಕಂಬವೇ ಇದೆ. ಪ್ರಮೋಷನ್ನೇ ಇಲ್ಲದ ಪೋಸ್ಟ್.

ಪಟ್ಟಿಯ ಕೊನೆಗೆ, ಊರು ಕಾಯುವ ತಳವಾರ. ಗೆಳೆಯನ ಅಡ್ಡಹೆಸರೂ ಅದೇ. ಅವನು ನೋಡಿ, "ನಿಮ್ಮ ಗ್ರಹದಾಗ ತಳವಾರನ ಮಗ ದಂಡನಾಯಕ ಆಕ್ಕಾನೋ, ಅವನೂ ತಳವಾರಿಕೀನ ಮಾಡಬೇಕೋ? ಅದನ್ನ ಮೊದ್ಲ ಬರೀರಿ" ಅಂದ.

ಹೌದಲ್ಲ. ಸೇನೆಯ ರ‍್ಯಾಂಕ್ ಮಗನಿಗೆ ಬರೋದಿಲ್ಲ. ಅಡ್ಡಹೆಸರು ಹಾಗಲ್ಲ, ಮುತ್ತಜ್ಜನ ಕೆಲಸ ಮರಿಮೊಮ್ಮಗನ ಹಾಲ್ ಟಿಕೆಟ್ ಮೇಲೂ ಇರುತ್ತೆ. ಪರೀಕ್ಷೆ ಇಡೋಣ ಅಂತ ಇಬ್ಬರು ಅಂದರು. ವಂಶಪಾರಂಪರ್ಯ ಇದ್ದರೇ ಕಥೆಗೆ ಜಗಳ ಸಿಗೋದು ಅಂತ ಇನ್ನೊಬ್ಬ. ರಾತ್ರಿ ಊಟದ ಹೊತ್ತಿಗೆ ಅವನೇ ಗೆದ್ದ. ಎರಡನೇ ಅಧ್ಯಾಯದಲ್ಲಿ ತಳವಾರನ ಮಗಳು ದಂಗೆ ಏಳ್ತಾಳೆ. ಅದನ್ನು ಬರೆಯೋ ಕೆಲಸ ಗೆಳೆಯನೇ ತಗೊಂಡಿದ್ದಾನೆ.